ಕೂಪರೇಜಿನಲ್ಲಿ ಬೆಂಗಳೂರು ಗೆದ್ದ ಕಥೆ

ನಮ್ಮ ಕಡೆಯ ಒಂದು ಕನ್ನಡ ಸಂಘ ಎರಡು ವರ್ಷಗಳ ಹಿಂದೆ ಸ್ಮರಣ ಸಂಚಿಕೆ ತರಲು ಹೊರಟಿತು. ಅಂಬರನಾಥ, ಬದ್ಲಾಪುರ, ಕಲ್ಯಾಣ, ಡೊಂಬಿವಲಿ ಕಡೆಯಲ್ಲಿ ಇರುವವರಿಗೆ ಇಂಥ ಸಂಚಿಕೆಗಳ ಪರಿಚಯ ಇದ್ದೇ ಇರುತ್ತದೆ. ಮೊದಲ ಇಪ್ಪತ್ತು ಪುಟ ಶುಭಾಶಯ, ಮಧ್ಯೆ ಹೋಟೆಲು ಮತ್ತು ಕ್ಯಾಟರಿಂಗಿನವರ ಜಾಹೀರಾತು, ಕೊನೆಯಲ್ಲಿ ಒಂದಿಷ್ಟು ಲೇಖನ. ಯಕ್ಷಗಾನದ ಬಗ್ಗೆ ಒಂದು, ರಾತ್ರಿ ಶಾಲೆಗಳ ಬಗ್ಗೆ ಒಂದು, ಹೋಟೆಲ್ ಉದ್ಯಮದ ಬಗ್ಗೆ ಒಂದು. ನನ್ನ ಪಾಲಿಗೆ ಬಂದ ವಿಷಯ ‘ಮುಂಬಯಿ ಕನ್ನಡಿಗರು ಮತ್ತು ಕ್ರೀಡೆ’. ‘ನೀವು ಬರೀತೀರಲ್ಲ, ಒಂದು ನಾಲ್ಕು ಪುಟ ಕೊಡಿ, ಫೋಟೊ ನಾವು ಹಾಕ್ತೇವೆ’ ಎಂದರು.

ಕಬಡ್ಡಿ, ವಾಲಿಬಾಲ್, ಜನವರಿಯ ಕ್ರಿಕೆಟ್ ಪಂದ್ಯಾಟ, ಇಷ್ಟರಲ್ಲಿ ನಾಲ್ಕು ಪುಟ ತುಂಬುತ್ತಿತ್ತು. ಆದರೆ ಬರೆಯಲು ಕೂತಾಗ ನೆನಪಾದದ್ದು ಅಪ್ಪ ಚಿಕ್ಕಂದಿನಿಂದಲೂ ಹೇಳುತ್ತಿದ್ದ ಒಂದು ಮಾತು: ‘ಬೆಂಗಳೂರಿನವರು ಕೂಪರೇಜಿಗೆ ಬಂದು ಬಿಳಿಯರನ್ನು ಸೋಲಿಸಿ ರೋವರ್ಸ್ ಕಪ್ ತಕೊಂಡು ಹೋಗಿದ್ದಾರೆ. ಒಂದಲ್ಲ, ಮೂರು ಸಲ.’

ನಾನು ಇದನ್ನು ನಂಬಿರಲಿಲ್ಲ. ಅಪ್ಪನ ಕಥೆಗಳಲ್ಲಿ ಊರಿನ ಹೊಳೆ ಯಾವಾಗಲೂ ಇದ್ದುದಕ್ಕಿಂತ ಅಗಲ, ಮೀನು ಇದ್ದುದಕ್ಕಿಂತ ಉದ್ದ. ಇದೂ ಅಂಥದ್ದೇ ಇರಬೇಕು ಎಂದುಕೊಂಡಿದ್ದೆ. ಕಾಲೇಜಿಗೆ ಹೋಗುವಾಗ ಒಮ್ಮೆ ಗೆಳೆಯರ ಎದುರೇ ನಕ್ಕೂ ಬಿಟ್ಟಿದ್ದೆ. ಅಪ್ಪ ಏನೂ ಹೇಳಲಿಲ್ಲ. ಆಮೇಲೆ ಆ ಮಾತನ್ನು ಎತ್ತಲೂ ಇಲ್ಲ.

*

ಅಪ್ಪ ಕುಂದಾಪುರದ ಕಡೆಯವರು. 1957ರಲ್ಲಿ, ಹನ್ನೆರಡು ತುಂಬಿದ ಮೇಲೆ, ದೂರದ ಸಂಬಂಧಿಯೊಬ್ಬರ ಜೊತೆ ಮುಂಬಯಿಗೆ ಬಂದು ಕೋಟೆ ಪ್ರದೇಶದ ಒಂದು ಕ್ಯಾಂಟೀನಿಗೆ ಸೇರಿದರು. ಬೆಳಗ್ಗೆ ಲೋಟ ತೊಳೆಯುವುದು, ಹಗಲು ಆಫೀಸುಗಳಿಗೆ ಚಾ ಒಯ್ಯುವುದು, ಸಂಜೆ ರಾತ್ರಿ ಶಾಲೆ, ರಾತ್ರಿ ಕ್ಯಾಂಟೀನಿನ ಬೆಂಚು. ಮುಂಬಯಿ ಕನ್ನಡಿಗರ ಒಂದು ಇಡೀ ತಲೆಮಾರಿನ ಜೀವನಚರಿತ್ರೆ ಇದೇ, ಹೆಸರು ಮಾತ್ರ ಬೇರೆ ಬೇರೆ. ಅಪ್ಪನ ಪಾಲಿನಲ್ಲಿ ಹೆಚ್ಚಿಗೆ ಇದ್ದದ್ದು ಕೂಪರೇಜ್ ಮೈದಾನ. ಮಧ್ಯಾಹ್ನದ ಗಿರಾಕಿ ಮುಗಿದು ಸಂಜೆಯ ಶಾಲೆ ಶುರುವಾಗುವ ನಡುವೆ ಸಿಗುವ ಹೊತ್ತಿನಲ್ಲಿ ಕೆಟಲು ಹಿಡಿದುಕೊಂಡೇ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರಂತೆ. ಟಿಕೆಟಿಗೆ ಕಾಸಿಲ್ಲ. ಹೊರಗಿನಿಂದ, ಸಂದಿಯಲ್ಲಿ ಕಂಡಷ್ಟು ಆಟ. ಕಾಣದಿದ್ದಾಗ ಜನರ ಕೂಗು ಕೇಳಿ ಅಂದಾಜು.

1958ರಲ್ಲಿ ಕಾಲ್ಟೆಕ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಮುಂಬಯಿಯ ತಂಡವೊಂದು ಆ ಕಪ್ ಗೆದ್ದದ್ದು ಅದೇ ಮೊದಲು. ಆ ದಿನಗಳಲ್ಲಿ ಅಪ್ಪನ ಪಕ್ಕ ನಿಂತು ಆಟ ನೋಡುತ್ತಿದ್ದ ಮುದುಕರೊಬ್ಬರು, ಈ ಹುಡುಗ ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗುವುದನ್ನು ಕೇಳಿ, ‘ಯಾವ ಊರಪ್ಪ ನಿಂದು?’ ಎಂದು ಕನ್ನಡದಲ್ಲೇ ಕೇಳಿದರಂತೆ. ಅವರು ಬೆಂಗಳೂರಿನ ದಂಡು ಪ್ರದೇಶದ ಬ್ಲ್ಯಾಕ್‌ಪಲ್ಲಿಯವರು, ಎಂದರೆ ಇಂದಿನ ಶಿವಾಜಿನಗರ. ಮುಸಲ್ಮಾನರು, ಟೈಲರ್ ಕೆಲಸ. ಮುಂಬಯಿಗೆ ಬಂದು ಎಷ್ಟೋ ವರ್ಷವಾಗಿತ್ತು. ‘ಕಾಲ್ಟೆಕ್ಸ್ ಈಗ ಗೆದ್ದಿದೆ. ನಮ್ಮೋರು ಇಪ್ಪತ್ತು ವರ್ಷದ ಹಿಂದೆನೇ ಗೆದ್ದಿದ್ರು’ ಎಂದು ಅವರು ಹೇಳಿದ್ದು ಅಪ್ಪನ ಕಿವಿಯಲ್ಲಿ ಉಳಿಯಿತು.

ಲೇಖನಕ್ಕೆಂದು ಇದನ್ನು ಮತ್ತೆ ಕೇಳಿದಾಗ ಅಪ್ಪ ನನ್ನ ಮುಖ ನೋಡಿ, ‘ನಾ ಕಂಡದ್ದಲ್ಲ, ಕೇಂಡದ್ದ್’ ಎಂದರು. ಹಳೆಯ ನಗು ಅವರಿಗೆ ಮರೆತಿರಲಿಲ್ಲ. ಹಾಗಾಗಿ ನಾನು ಹುಡುಕಲೇಬೇಕಾಯಿತು.

*

ಫುಟ್ಬಾಲಿನಲ್ಲಿ ಲೀಗ್ ಬೇರೆ, ಕಪ್ ಬೇರೆ. ಲೀಗಿನಲ್ಲಿ ಇಂದು ಸೋತವರು ಮುಂದಿನ ವಾರ ಸುಧಾರಿಸಿಕೊಳ್ಳಬಹುದು. ಕಪ್ಪಿನಲ್ಲಿ ಸೋತವನು ಅಂದೇ ರಾತ್ರಿ ಗಂಟು ಕಟ್ಟಬೇಕು. ಈ ‘ಸೋತರೆ ಮನೆಗೆ’ ಪದ್ಧತಿಯನ್ನು ಬೆಳೆಸಿದ್ದು ಇಂಗ್ಲೆಂಡಿನ ಎಫ್.ಎ. ಕಪ್, 1871–72ರಲ್ಲಿ. 1873–74ಕ್ಕೆ ಸ್ಕಾಟ್ಲೆಂಡ್, 1877–78ಕ್ಕೆ ವೇಲ್ಸ್ ತಮ್ಮ ತಮ್ಮ ಕಪ್ಪುಗಳನ್ನು ಶುರುಮಾಡಿದವು. ಆಮೇಲೆ ಜಿಲ್ಲೆಗೊಂದು, ಕಣಿವೆಗೊಂದು ಕಪ್ ಹುಟ್ಟಿಕೊಂಡಿತು. ಗಣಿಯವರು, ರೈಲ್ವೆಯವರು, ಗುಮಾಸ್ತರು ಹಗಲು ದುಡಿದು ಶನಿವಾರ ಮಧ್ಯಾಹ್ನ ಆಡುವ ಕಪ್ಪುಗಳು ಅವು. ಚಿಕ್ಕ ಊರಿನ ತಂಡ ದೊಡ್ಡ ಊರಿನ ತಂಡವನ್ನು ಒಂದೇ ಒಂದು ದಿನದ ಮಟ್ಟಿಗೆ ಸೋಲಿಸಬಹುದು ಎಂಬ ಆಸೆಯೇ ಇಂಥ ಕಪ್ಪುಗಳ ಜೀವ.

ಆ ಪದ್ಧತಿ ಹಡಗು ಹತ್ತಿ ಭಾರತಕ್ಕೆ ಬಂದದ್ದು ಸೈನಿಕರ ಜೊತೆ. ಸಿಮ್ಲಾದಲ್ಲಿ 1888ಕ್ಕೆ ಡ್ಯುರಾಂಡ್ ಕಪ್, ಮುಂಬಯಿಯಲ್ಲಿ 1891ಕ್ಕೆ ರೋವರ್ಸ್ ಕಪ್, ಕಲ್ಕತ್ತೆಯಲ್ಲಿ 1893ಕ್ಕೆ ಐ.ಎಫ್.ಎ. ಶೀಲ್ಡ್. ರೋವರ್ಸಿನ ಮೊದಲ ವರ್ಷ ಗೆದ್ದದ್ದು ವೂಸ್ಟರ್‌ಶೈರ್ ರೆಜಿಮೆಂಟ್. ಮುಂಬಯಿಯ ಫುಟ್ಬಾಲ್ ಅಸೋಸಿಯೇಷನ್ 1902ರಲ್ಲಿ ಹುಟ್ಟಿತು. ಅದೂ ರೋವರ್ಸ್ ನಡೆಸುತ್ತಿದ್ದವರೂ ಒಂದಾಗಿ 1911ರಲ್ಲಿ ವೆಸ್ಟರ್ನ್ ಇಂಡಿಯಾ ಫುಟ್ಬಾಲ್ ಅಸೋಸಿಯೇಷನ್ ಆಯಿತು.

ಗೆದ್ದವರ ಪಟ್ಟಿಯನ್ನು ಮೊದಲಿನಿಂದ ಓದುತ್ತ ಹೋದರೆ ಅದು ಫುಟ್ಬಾಲಿನ ಪಟ್ಟಿಯಂತೆ ಕಾಣುವುದಿಲ್ಲ, ಬ್ರಿಟಿಷ್ ಸೈನ್ಯದ ಹಾಜರಿ ಪುಸ್ತಕದಂತೆ ಕಾಣುತ್ತದೆ. ರೆಜಿಮೆಂಟಿನ ಹೆಸರಿನ ಕೆಳಗೆ ಇನ್ನೊಂದು ರೆಜಿಮೆಂಟಿನ ಹೆಸರು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಪಂದ್ಯಾಟ ನಿಂತಿದ್ದನ್ನು ಬಿಟ್ಟರೆ ಸುಮಾರು ನಾಲ್ಕೂವರೆ ದಶಕ ಇದೇ ಕಥೆ. ಅದರಲ್ಲಿ ಆಶ್ಚರ್ಯವೂ ಇಲ್ಲ. ಸೈನಿಕರಿಗೆ ಆಟವೂ ಡ್ಯೂಟಿಯ ಭಾಗ, ಊಟ ಸರ್ಕಾರದ್ದು, ಬೂಟು ಸರ್ಕಾರದ್ದು. ಎದುರಿಗೆ ಬರುವ ಭಾರತೀಯ ತಂಡದವನು ರಜೆ ಕೇಳಿ, ಬೈಸಿಕೊಂಡು, ಸಾಲ ಮಾಡಿ ಬಂದವನು.

1911ರಲ್ಲಿ ಮೋಹನ್ ಬಗಾನ್ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದದ್ದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಬಂಗಾಳಿಗಳು ಅದನ್ನು ಮರೆಯಲು ಬಿಟ್ಟಿಲ್ಲ. ಅದೇ ಮೋಹನ್ ಬಗಾನ್ 1923ರಲ್ಲಿ ರೋವರ್ಸ್ ಫೈನಲ್ ತನಕ ಬಂತು, ಡರ್ಹಮ್ ಲೈಟ್ ಇನ್‌ಫಂಟ್ರಿಯ ಎದುರು 1–4ರಿಂದ ಸೋತಿತು. ಕಲ್ಕತ್ತೆಗೇ ಆಗದ್ದು ಇನ್ಯಾರಿಗೆ ಆದೀತು ಎಂದು ಆಗಿನವರಿಗೆ ಅನ್ನಿಸಿದ್ದರೆ ತಪ್ಪೇನಲ್ಲ.

1936 ದಾಟಿ 1937ರ ಸಾಲಿಗೆ ಬಂದಾಗ ನನ್ನ ಬೆರಳು ಅಲ್ಲೇ ನಿಂತಿತು. ಬೆಂಗಳೂರು ಮುಸ್ಲಿಮ್ಸ್.

*

ಬೆಂಗಳೂರಿನ ದಂಡು 1809ರಲ್ಲಿ ನೆಲೆಯಾದದ್ದು. ಪೇಟೆ ಬೇರೆ, ದಂಡು ಬೇರೆ. ನಡುವೆ ಒಂದು ಗೆರೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು, ಮೈಸೂರಿಗೆ ಸೇರಿದ್ದು 1947ರಲ್ಲಿ. ಅಲ್ಲಿ ತಮಿಳರು, ದಖನಿ ಮಾತಾಡುವ ಮುಸಲ್ಮಾನರು, ಆಂಗ್ಲೋ ಇಂಡಿಯನ್ನರು, ತೆಲುಗರು, ಕನ್ನಡಿಗರು ಎಲ್ಲ ಒಟ್ಟೊಟ್ಟಿಗೆ. ಸೈನಿಕರು ಆಡುತ್ತಿದ್ದರು, ಬೇಲಿಯ ಆಚೆ ನಿಂತ ಹುಡುಗರು ನೋಡುತ್ತಿದ್ದರು. ಆಮೇಲೆ ಆ ಹುಡುಗರೂ ಆಡತೊಡಗಿದರು. ಕೂಪರೇಜಿನ ಹೊರಗೆ ಕೆಟಲು ಹಿಡಿದು ನಿಂತ ಹುಡುಗನಿಗೂ ಆ ಹುಡುಗರಿಗೂ ನಡುವೆ ಹೆಚ್ಚಿನ ದೂರವಿಲ್ಲ. ಇಂದಿಗೂ ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆ ಕ್ರಿಕೆಟ್ಟಿಗಿಂತ ಫುಟ್ಬಾಲಿನ ಮಾತು ಹೆಚ್ಚು. ಗೌತಮಪುರದಲ್ಲಂತೂ ಪೆಲೆಯ ಪ್ರತಿಮೆಯೇ ಇದೆ.

ಅಲ್ಲಿಂದ ಬಂದ ತಂಡ ಬೆಂಗಳೂರು ಮುಸ್ಲಿಮ್ಸ್. ಅವರು ಯಾವ ರೈಲು ಹಿಡಿದು ಮುಂಬಯಿಗೆ ಬಂದರು ಎಂದು ಎಲ್ಲೂ ಬರೆದಿಟ್ಟದ್ದು ನನಗೆ ಸಿಗಲಿಲ್ಲ. ಆದರೆ ನಕಾಶೆ ಇಟ್ಟುಕೊಂಡು ನೋಡಿ. ಆ ಕಾಲದಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಮಿರಜ್ ಮೂಲಕ ಬಂದರೂ, ಗುಂತಕಲ್, ರಾಯಚೂರು, ಸೊಲ್ಲಾಪುರ ಮೂಲಕ ಬಂದರೂ, ರೈಲಿನಲ್ಲಿ ಮುಂಬಯಿಗೆ ಬರುವವರು ಪುಣೆಗೆ ಬರಲೇಬೇಕು. ಪುಣೆಯಿಂದ ಬೋರ್ ಘಾಟ್ ಇಳಿದು ಕರ್ಜತ್, ನೇರಳ್, ಬದ್ಲಾಪುರ, ಆಮೇಲೆ ನಮ್ಮ ಅಂಬರನಾಥ, ಆಮೇಲೆ ಕಲ್ಯಾಣ. ಬೇರೆ ದಾರಿ ಇಲ್ಲ. 1930ರ ಹೊತ್ತಿಗೆ ಈ ದಾರಿಗೆ ವಿದ್ಯುತ್ ಎಂಜಿನ್ನೂ ಬಂದಿತ್ತು. ಆಗ ಅಂಬರನಾಥ ಎಂದರೆ ಬೆಂಕಿಪೆಟ್ಟಿಗೆ ಕಾರ್ಖಾನೆ, ಗದ್ದೆ, ಗುಡ್ಡ, ಮತ್ತು ಶಿಲಾಹಾರರ ಕಾಲದ ಶಿವಾಲಯ. 1060ನೇ ಇಸವಿಯ ಶಾಸನವಿರುವ ದೇವಸ್ಥಾನ ಅದು. ಎರಡು ರಾತ್ರಿಯ ಪ್ರಯಾಣದಲ್ಲಿ ಮೈಕೈ ನೋವು ಮಾಡಿಕೊಂಡ ಹನ್ನೊಂದು ಹದಿನೈದು ಹುಡುಗರು ಮೂರನೆಯ ದರ್ಜೆಯ ಡಬ್ಬಿಯ ಕಿಟಕಿಯಿಂದ ಈ ಊರನ್ನು ನೋಡುತ್ತ ಹೋಗಿರಬೇಕು. ನಾನು ದಿನಾ ಬೆಳಗ್ಗೆ ಲೋಕಲ್ ಹಿಡಿಯುವ ಸ್ಟೇಷನ್ ಇದು.

*

1937ರ ಫೈನಲಿನಲ್ಲಿ ಅವರ ಎದುರಾಳಿ ಸೈನ್ಯದ ತಂಡವಲ್ಲ, ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್. ಆ ಹೊತ್ತಿನಲ್ಲಿ ಭಾರತದ ಅತಿ ಬಲಿಷ್ಠ ತಂಡ ಯಾವುದು ಎಂದು ಕೇಳಿದ್ದರೆ ಹೆಚ್ಚಿನವರು ಅದನ್ನೇ ಹೇಳುತ್ತಿದ್ದರು. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ. 1936ರಲ್ಲಿ ಐ.ಎಫ್.ಎ. ಶೀಲ್ಡನ್ನೂ ಗೆದ್ದಿತ್ತು. ಅವರನ್ನು ಬೆಂಗಳೂರಿನವರು ಒಂದೇ ಗೋಲಿನಿಂದ, 1–0 ಅಂತರದಲ್ಲಿ ಸೋಲಿಸಿದರು. ರೋವರ್ಸ್ ಕಪ್ ಮೊದಲ ಸಲ ಒಂದು ಭಾರತೀಯ ತಂಡದ ಕೈಗೆ ಬಂತು. ಮೋಹನ್ ಬಗಾನ್ ಅಲ್ಲ, ಮುಂಬಯಿಯ ತಂಡವೂ ಅಲ್ಲ. ಬೆಂಗಳೂರು.

ಮುಂದಿನ ವರ್ಷ, 1938ರಲ್ಲಿ, ಮತ್ತೆ ಫೈನಲ್. ಈ ಸಲ ಎದುರಿಗೆ ಸ್ಕಾಟ್ಲೆಂಡಿನ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ರೆಜಿಮೆಂಟ್. 3–2. ಕಪ್ ಮತ್ತೆ ಬೆಂಗಳೂರಿಗೆ. ಅಪ್ಪ ‘ಬಿಳಿಯರನ್ನು ಸೋಲಿಸಿ’ ಎಂದದ್ದು ಈ ವರ್ಷದ್ದು. ಮೊದಲ ವರ್ಷ ಗೆದ್ದದ್ದನ್ನು ಅದೃಷ್ಟ ಎನ್ನಬಹುದಿತ್ತು, ಎರಡನೆಯದನ್ನು ಹಾಗೆನ್ನಲಾಗದು.

1940ರಲ್ಲಿ ಮತ್ತೊಮ್ಮೆ ಫೈನಲಿಗೆ ಬಂದರು. ಈ ಸಲ ಮಹಮ್ಮಡನ್ ಸ್ಪೋರ್ಟಿಂಗ್ ಹಳೆಯ ಲೆಕ್ಕ ತೀರಿಸಿಕೊಂಡಿತು, ಅದೂ 1–0. ಆಮೇಲೆ ಯುದ್ಧದ ವರ್ಷಗಳಲ್ಲಿ ಮುಂಬಯಿ ತುಂಬ ಸೈನಿಕರು. ಕಪ್ ಹೆಚ್ಚಾಗಿ ಅವರ ಪಾಲಾಯಿತು. 1941ರಲ್ಲಿ ವೇಲ್ಸಿನ ವೆಲ್ಷ್ ರೆಜಿಮೆಂಟ್ ಗೆದ್ದಿತು. 1942ರಲ್ಲಿ ಮಾತ್ರ ಬಾಟಾ ಕಂಪನಿಯ ತಂಡ ನಡುವೆ ತೂರಿಕೊಂಡಿತು. 1947ರಲ್ಲಿ ಪಂದ್ಯಾಟವೇ ನಡೆಯಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ರೋವರ್ಸ್ ಕಪ್ 1948ರದ್ದು. ಸೈನಿಕರು ಹಡಗು ಹತ್ತಿ ಹೋಗಿದ್ದರು. ದೇಶ ಎರಡಾಗಿತ್ತು. ಅಂಥ ವರ್ಷದಲ್ಲಿ ಮುಂಬಯಿಯ ಕೂಪರೇಜಿನಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ಎಂಬ ಹೆಸರಿನ ತಂಡ ಮೋಹನ್ ಬಗಾನನ್ನು 1–0ರಿಂದ ಸೋಲಿಸಿ ಕಪ್ ಎತ್ತಿತು. ಪಟ್ಟಿಯಲ್ಲಿ ಇದು ಒಂದು ಸಾಲು ಅಷ್ಟೇ. ನಾನು ಮಾತ್ರ ಆ ಸಾಲನ್ನು ತುಂಬ ಹೊತ್ತು ನೋಡುತ್ತ ಕೂತಿದ್ದೆ. ಆ ಹೆಸರು ಇಟ್ಟುಕೊಂಡು ಆ ವರ್ಷ ರೈಲು ಹತ್ತಲು, ಎರಡು ರಾತ್ರಿ ಪ್ರಯಾಣ ಮಾಡಲು, ಅಪರಿಚಿತ ಊರಿನ ಗ್ಯಾಲರಿಯ ಎದುರು ಆಡಲು ಎಷ್ಟು ಧೈರ್ಯ ಬೇಕಾಗಿತ್ತೋ.

ಅದೇ 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿನ ಎದುರು ಆಡಿತು. ಹೆಚ್ಚಿನವರು ಬರಿಗಾಲಲ್ಲಿ. ಭಾರತದ ಏಕೈಕ ಗೋಲು ಹೊಡೆದವರು ಮೈಸೂರು ರಾಜ್ಯದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ವ್ಯರ್ಥವಾಗಿ ಕೊನೆಗಳಿಗೆಯಲ್ಲಿ 1–2ರಿಂದ ಸೋತರು. ಗೋಲಿನಲ್ಲಿ ನಿಂತಿದ್ದವರು ಕೆಂಚಪ್ಪ ವರದರಾಜ್. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು, ಮುಂದೆ ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬರಾಗಿ ಕಲ್ಕತ್ತೆಯ ಮನೆಮಾತಾದವರು. ಇನ್ನೊಬ್ಬ ಗೋಲ್‌ಕೀಪರಾಗಿ ತಂಡದ ಜೊತೆ ಹೋಗಿ ಆಡುವ ಅವಕಾಶ ಸಿಗದೆ ಮರಳಿದವರ ಹೆಸರು ಸಂಜೀವ ಉಚ್ಚಿಲ್. ಉಚ್ಚಿಲ ಎಂಬ ಊರಿನ ಹೆಸರು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

*

ಇಷ್ಟನ್ನು ನಾಲ್ಕು ಪುಟಕ್ಕೆ ಇಳಿಸಿ ಕೊಟ್ಟೆ. ಒಂದು ವಾರದ ನಂತರ ಸಮಿತಿಯ ಹಿರಿಯರೊಬ್ಬರು ಫೋನ್ ಮಾಡಿದರು. ಒಳ್ಳೆಯ ಮನುಷ್ಯರು, ನಮ್ಮ ಮನೆಯ ಮದುವೆ ಮುಂಜಿಗೆಲ್ಲ ಬಂದವರು. ‘ಲೇಖನ ಚೆನ್ನಾಗಿದೆ ಮಾರಾಯ್ರೇ. ಆದ್ರೆ ಇದು ನಮ್ಮವರ ಕಥೆ ಹೇಗಾಗ್ತದೆ?’ ಎಂದರು.

‘ಬೆಂಗಳೂರಿನ ತಂಡ ಅಲ್ವಾ?’ ಎಂದೆ.

‘ಬೆಂಗಳೂರಿನದ್ದು ಹೌದು. ಆದ್ರೆ ಹೆಸರು ನೋಡಿ. ಅವರು ಮನೆಯಲ್ಲಿ ಕನ್ನಡ ಮಾತಾಡ್ತಿದ್ರು ಅಂತ ಗ್ಯಾರಂಟಿ ಏನು? ಮತ್ತೆ ಮುಂಬಯಿಯವರೂ ಅಲ್ಲ. ಬಂದು ಆಡಿ ಹೋದವರು. ನೀವು ಕಬಡ್ಡಿ ಬಗ್ಗೆ ಒಂದು ಬರೆದು ಕೊಡಿ.’

ಸಂಚಿಕೆಯಲ್ಲಿ ಕಬಡ್ಡಿಯ ಲೇಖನ ಬಂತು. ಅದನ್ನೂ ನಾನೇ ಬರೆದೆ. ಕೋಪವೇನೂ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರ ಪ್ರಶ್ನೆ ಕೆಟ್ಟ ಪ್ರಶ್ನೆಯಲ್ಲ, ಅದಕ್ಕೆ ಉತ್ತರ ಹುಡುಕಬೇಕು ಅನ್ನಿಸಿತು.

ಮೊದಲು ಹೆಸರಿನ ವಿಷಯ. 1937ರ ಮುಂಬಯಿಯಲ್ಲಿ ಮತದ ಹೆಸರಿನ ತಂಡ ಎಂದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಇಲ್ಲಿನ ಅತಿ ದೊಡ್ಡ ಕ್ರಿಕೆಟ್ ಪಂದ್ಯಾಟದಲ್ಲಿ ಆಡುತ್ತಿದ್ದ ತಂಡಗಳೇ ಹಿಂದೂಗಳು, ಪಾರ್ಸಿಗಳು, ಮುಸ್ಲಿಮರು, ಯುರೋಪಿಯನ್ನರು. 1937ರಲ್ಲೇ ‘ಉಳಿದವರು’ ಎಂಬ ಐದನೆಯ ತಂಡ ಸೇರಿ ಅದು ಪೆಂಟ್ಯಾಂಗ್ಯುಲರ್ ಆಯಿತು. 1940ರಲ್ಲಿ ಗಾಂಧೀಜಿ ಇದು ಸರಿಯಲ್ಲ ಎಂದರು. 1946ರ ಹೊತ್ತಿಗೆ ಆ ಪಂದ್ಯಾಟ ನಿಂತಿತು. ಆ ಪದ್ಧತಿ ಒಳ್ಳೆಯದಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ‘ಹಿಂದೂ ಜಿಮ್ಖಾನಾ’ ಎಂಬ ಬೋರ್ಡಿನ ಎದುರು ಹಾದುಹೋಗುವಾಗ ‘ಇದು ನಮ್ಮದೋ ಅಲ್ಲವೋ’ ಎಂದು ಕೇಳಿಕೊಳ್ಳದ ನಾವು, ‘ಬೆಂಗಳೂರು ಮುಸ್ಲಿಮ್ಸ್’ ಎಂದಾಗ ಮಾತ್ರ ಏಕೆ ನಿಲ್ಲುತ್ತೇವೆ?

ಅದೇ ಹಿಂದೂ ತಂಡಕ್ಕೆ ವರ್ಷಗಟ್ಟಲೆ ವಿಕೆಟ್ ತೆಗೆದುಕೊಟ್ಟ ಪಾಲ್ವಣಕರ್ ಬಾಳು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ದಲಿತ ಎಂಬ ಕಾರಣಕ್ಕೆ ಅವರಿಗೆ ಚಾ ಬೇರೆ ಲೋಟದಲ್ಲಿ ಸಿಗುತ್ತಿತ್ತು, ನಾಯಕತ್ವ ಸಿಗಲೇ ಇಲ್ಲ. ಅವರ ತಮ್ಮ ವಿಠಲ 1923ರಲ್ಲಿ ನಾಯಕನಾಗಬೇಕಾಯಿತು. ಬಾಳು ಅವರ ಹೆಸರನ್ನೂ ನಮ್ಮ ಸಂಚಿಕೆಗಳಲ್ಲಿ ನಾನು ಕಂಡಿಲ್ಲ. ಅವರ ಮನೆತನ ಕೊಂಕಣದ್ದು, ಕನ್ನಡದ್ದಲ್ಲ, ಸರಿ. ಹೀಗೆ ಒಬ್ಬರು ಜಾತಿಯಿಂದ, ಒಬ್ಬರು ಮತದಿಂದ, ಒಬ್ಬರು ಮನೆಮಾತಿನಿಂದ ಪಟ್ಟಿಯ ಹೊರಗೆ ಉಳಿದರೆ ಕೊನೆಗೆ ಒಳಗೆ ಉಳಿಯುವವರು ಎಷ್ಟು ಜನ?

ಇನ್ನು ಭಾಷೆ. ಬೆಂಗಳೂರಿನ ಆ ಆಟಗಾರರು ಮನೆಯಲ್ಲಿ ದಖನಿ ಮಾತಾಡಿರಬಹುದು. ನಮ್ಮ ಸಂಘದ ಅರ್ಧ ಸದಸ್ಯರು ಮನೆಯಲ್ಲಿ ತುಳು ಮಾತಾಡುತ್ತಾರೆ, ಕೆಲವರು ಕೊಂಕಣಿ, ಬ್ಯಾರಿ. ನನ್ನ ಮಗಳು ಶಾಲೆಯಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಮರಾಠಿ, ಗೆಳತಿಯರ ಜೊತೆ ಹಿಂದಿ, ಅಜ್ಜನ ಜೊತೆ ಮಾತ್ರ ಕನ್ನಡ ಮಾತಾಡುತ್ತಾಳೆ. ಅವಳನ್ನು ಕನ್ನಡಿಗಳು ಎಂದು ಲೆಕ್ಕಕ್ಕೆ ಹಿಡಿಯಲು ನಾವು ಕಾತರರಾಗಿದ್ದೇವೆ. ಹಾಗಿದ್ದರೆ ಕನ್ನಡದ ನೆಲದಲ್ಲೇ ಹುಟ್ಟಿ, ಆಡಿ, ಆ ಊರಿನ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡು ಬಂದವರನ್ನು ಹೊರಗಿಡಲು ಯಾವ ಅಳತೆಗೋಲು?

ಆದರೂ ಒಂದು ಎಚ್ಚರ ಬೇಕು ಎಂಬುದನ್ನು ಒಪ್ಪುತ್ತೇನೆ. ಎಂಬತ್ತು ವರ್ಷಗಳ ನಂತರ ಅವರನ್ನು ಎಳೆದು ತಂದು ‘ಕನ್ನಡದ ಕುವರರು’ ಎಂದು ಬ್ಯಾನರ್ ಕಟ್ಟುವುದೂ ಒಂದು ಬಗೆಯ ಅನ್ಯಾಯವೇ. ಅವರು ಕನ್ನಡಕ್ಕಾಗಿ ಆಡಲಿಲ್ಲ. ತಮ್ಮ ಬೀದಿಗಾಗಿ, ತಮ್ಮ ಜನರಿಗಾಗಿ, ಬಹುಶಃ ಬರೀ ಆಟದ ಹುಚ್ಚಿಗಾಗಿ ಆಡಿದರು. ಅವರನ್ನು ನಮ್ಮವರು ಎನ್ನುವುದಕ್ಕೆ ಅವರು ನಮ್ಮಂತೆಯೇ ಇರಬೇಕಾಗಿಲ್ಲ. ಅವರು ಗೆದ್ದಾಗ ಯಾರಿಗೆ ಹೆಮ್ಮೆ ಅನ್ನಿಸಿತು ಎಂಬುದನ್ನು ನೋಡಿದರೆ ಸಾಕು. ಬ್ಲ್ಯಾಕ್‌ಪಲ್ಲಿಯ ಟೈಲರ್ ‘ನಮ್ಮೋರು’ ಎಂದು ಕನ್ನಡದಲ್ಲಿ ಹೇಳಿದರು. ಕುಂದಾಪುರದ ಹುಡುಗ ಅದನ್ನು ಕೇಳಿ ಮಗನಿಗೆ ‘ಬೆಂಗಳೂರಿನವರು’ ಎಂದು ಹೇಳಿದ. 1958ರಲ್ಲಿ ಆ ಹುಡುಗ ಬೆಂಗಳೂರನ್ನು ಕಂಡೂ ಇರಲಿಲ್ಲ. ರಾಜ್ಯ ಒಂದಾಗಿ ಎರಡು ವರ್ಷ ಕೂಡ ತುಂಬಿತ್ತೋ ಇಲ್ಲವೋ. ಪರವೂರಿನಲ್ಲಿ ಕೆಟಲು ಹೊರುವ ಹುಡುಗನಿಗೆ ‘ನಮ್ಮವರು ಇಲ್ಲಿ ಬಂದು ಗೆದ್ದಿದ್ದಾರೆ’ ಎಂಬ ಮಾತು ಎಷ್ಟು ದಿನದ ಅನ್ನವಾಯಿತೋ ನನಗೆ ಗೊತ್ತಿಲ್ಲ. ಅದನ್ನು ಕೇಳಿ ನಾನು ನಕ್ಕಿದ್ದೆ.

*

ರೋವರ್ಸ್ ಕಪ್ಪಿನ ಮುಂದಿನ ಕಥೆ ಬೇಗ ಹೇಳಬಹುದು. 1950ರಿಂದ 1954ರವರೆಗೆ ಸತತ ಐದು ಸಲ ಹೈದರಾಬಾದ್ ಸಿಟಿ ಪೊಲೀಸ್ ಗೆದ್ದಿತು. ಅವರ ಕೋಚ್ ಸಯ್ಯದ್ ಅಬ್ದುಲ್ ರಹೀಂ ಮುಂದೆ ಭಾರತ ತಂಡವನ್ನು 1956ರ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೂ 1962ರ ಏಷ್ಯನ್ ಗೇಮ್ಸಿನಲ್ಲಿ ಚಿನ್ನಕ್ಕೂ ಕರೆದೊಯ್ದರು. ಆಮೇಲೆ ಕಲ್ಕತ್ತೆಯ ದೊಡ್ಡ ತಂಡಗಳು, ಕಂಪನಿ ತಂಡಗಳು, ಗೋವಾದ ತಂಡಗಳು. ಎಲ್ಲರಿಗಿಂತ ಹೆಚ್ಚು ಸಲ, ಹದಿನಾಲ್ಕು ಬಾರಿ, ಗೆದ್ದದ್ದು ಮೋಹನ್ ಬಗಾನ್. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾದ ಮೇಲೆ ದೊಡ್ಡ ತಂಡಗಳಿಗೆ ಹಳೆಯ ಕಪ್ಪುಗಳಿಗೆ ಬಿಡುವು ಕಡಿಮೆಯಾಯಿತು. 2000–01ರ ನಂತರ ರೋವರ್ಸ್ ನಡೆಯಲೇ ಇಲ್ಲ. ಕೊನೆಯ ಕಪ್ಪೂ ಮೋಹನ್ ಬಗಾನಿನದೇ. ನೂರು ವರ್ಷ ದಾಟಿದ ಪಂದ್ಯಾಟ ಸದ್ದಿಲ್ಲದೆ ಮುಗಿಯಿತು. ಡ್ಯುರಾಂಡ್ ಮಾತ್ರ ಇನ್ನೂ ಬದುಕಿದೆ.

ಮೈಸೂರು ರಾಜ್ಯ 1946–47ರಲ್ಲೂ 1952–53ರಲ್ಲೂ, ಆಮೇಲೆ 1960ರ ದಶಕದ ಕೊನೆಗೆ ಎರಡು ಸಲವೂ ಸಂತೋಷ್ ಟ್ರೋಫಿ ಗೆದ್ದಿತು. ಬೆಂಗಳೂರಿನ ಆಟ ದಂಡಿನ ಬೀದಿಗಳಿಂದ ಐ.ಟಿ.ಐ., ಎಚ್.ಎ.ಎಲ್. ಕಾರ್ಖಾನೆಗಳ ತಂಡಗಳಿಗೆ ಹೋಯಿತು. ಮುಂಬಯಿಯ ಸ್ಥಳೀಯ ಲೀಗಿನಲ್ಲಿ ‘ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್’ ಎಂಬ ಹೆಸರು ಈಗಲೂ ಕಾಣಸಿಗುತ್ತದೆ. ಪತ್ರಿಕೆಯ ಕೊನೆಯ ಪುಟದ ಮೂಲೆಯಲ್ಲಿ ಆ ಹೆಸರು ಕಂಡರೆ ನಾನು ಸ್ಕೋರ್ ನೋಡದೆ ಪುಟ ಮಗುಚುವುದಿಲ್ಲ.

2019ರ ಮಾರ್ಚ್ 17ರಂದು ಅಂಧೇರಿಯ ಮೈದಾನದಲ್ಲಿ ಐ.ಎಸ್.ಎಲ್. ಫೈನಲ್ ಇತ್ತು. ಬೆಂಗಳೂರು ಎಫ್.ಸಿ. ಮತ್ತು ಗೋವಾ. ನಾನೂ ಅಪ್ಪನೂ ಮನೆಯಲ್ಲೇ ಟಿ.ವಿ. ಎದುರು ಕೂತು ನೋಡಿದೆವು. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ ಕಾರ್ನರ್ ಕಿಕ್ಕಿಗೆ ತಲೆಯೊಡ್ಡಿ ಬೆಂಗಳೂರಿಗೆ ಗೋಲು ತಂದುಕೊಟ್ಟವನು ರಾಹುಲ್ ಭೇಕೆ. ಇಲ್ಲಿನವನೇ, ಮುಂಬಯಿಯ ಹುಡುಗ. 1–0. ಆಗ ನನಗೆ 1937ರ ಅಂಕಿ ಗೊತ್ತಿರಲಿಲ್ಲ. ಅಪ್ಪನಿಗೂ ಅಂಕಿ ಗೊತ್ತಿರಲಿಲ್ಲ. ಆದರೂ ಅವರು, ‘ಮತ್ತೊಂದ್ಸಲ ಇಲ್ಲೇ ಬಂದು ಗೆದ್ರು’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡದ್ದು ನನಗೆ ಕೇಳಿಸಿತ್ತು. ನಾನು ಆಗಲೂ ಏನೆಂದು ಕೇಳಿರಲಿಲ್ಲ.

ಸಂಚಿಕೆಗೆ ಹೋಗದ ಆ ನಾಲ್ಕು ಪುಟವನ್ನು ಒಂದು ಭಾನುವಾರ ಅಪ್ಪನಿಗೆ ಓದಿ ಹೇಳಿದೆ. ಅವರ ಕಣ್ಣು ಈಗ ಮಂಜು. ಇಸವಿ, ಎದುರಾಳಿ, ಗೋಲು ಎಲ್ಲ ಸಾವಕಾಶ ಓದಿದೆ. ಮೂವತ್ತೇಳು, ಮೂವತ್ತೆಂಟು, ನಲವತ್ತೆಂಟು. ಮುಗಿದ ಮೇಲೆ ಅವರು ಬೆರಳು ಮಡಚಿ ಎಣಿಸಿ, ‘ಮೂರೇ ಅಲ್ದಾ?’ ಎಂದರು.

‘ಮೂರೇ ಅಪ್ಪ’ ಎಂದೆ.

‘ಆ ಟೈಲರ್ ಸರೀ ಹೇಳಿದ್ದ’ ಎಂದು ಎದ್ದು ಒಳಗೆ ಹೋದರು. ಹೊರಗೆ ಬೆಂಗಳೂರಿನ ಕಡೆಯಿಂದ ಬಂದ ಯಾವುದೋ ಎಕ್ಸ್‌ಪ್ರೆಸ್ ಅಂಬರನಾಥದಲ್ಲಿ ನಿಲ್ಲದೆ ಕಲ್ಯಾಣದತ್ತ ಹೋಯಿತು.